ಹಳದಿ ಎಲೆ ಕಂಡಾಗ ಗೊಬ್ಬರಕ್ಕೆ ಕೈ ಹಾಕುವ ಮೊದಲು: ಹುರುಳಿಕಾಯಿ ಗಿಡದಲ್ಲಿ ಪೋಷಕಾಂಶದ ಕೊರತೆ ಗುರುತಿಸುವ ಬಗೆ

ಕೆಲವು ವರ್ಷಗಳ ಹಿಂದೆ ನನ್ನ ಹುರುಳಿಕಾಯಿ ಪಾತಿಯ ಒಂದು ಮೂಲೆಯಲ್ಲಿ ಗಿಡಗಳ ಸುಳಿ ಹಳದಿಗೆ ತಿರುಗಿತು. ಹಳದಿ ಎಂದರೆ ಸಾರಜನಕದ ಕೊರತೆ ಎಂದು ನಂಬಿದ್ದ ನಾನು ಯೂರಿಯಾ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಸುಳಿ ಇನ್ನಷ್ಟು ಬಿಳಿಚಿಕೊಂಡಿತು. ಮತ್ತೊಮ್ಮೆ ಕೊಟ್ಟೆ. ಕೆಳಗಿನ ಎಲೆಗಳು ಕಡುಹಸಿರಾಗಿ ಅಗಲವಾದವು, ಹೊಸ ಎಲೆಗಳು ಮಾತ್ರ ಹಾಗೆಯೇ ಉಳಿದವು. ಹೂ ತಡವಾಯಿತು, ಕಾಯಿ ಬೆರಳೆಣಿಕೆಯಷ್ಟು ಬಂತು. ಆ ಮೂಲೆಗೆ ನಾನು ವರ್ಷಗಟ್ಟಲೆ ಒಲೆಯ ಬೂದಿ ಸುರಿಯುತ್ತ ಬಂದಿದ್ದೆ. ಮಣ್ಣು ಕ್ಷಾರವಾಗಿ, ಅದರಲ್ಲಿ ಬೇಕಾದಷ್ಟು ಇದ್ದ ಕಬ್ಬಿಣ ಬೇರಿಗೆ ಸಿಗದಂತಾಗಿತ್ತು. ಗಿಡಕ್ಕೆ ಬೇಕಿದ್ದದ್ದು ಒಂದು, ನಾನು ಕೊಟ್ಟದ್ದು ಇನ್ನೊಂದು.

ಅಂದಿನಿಂದ ಎರಡು ಕೆಲಸವನ್ನು ತಪ್ಪದೆ ಮಾಡುತ್ತೇನೆ. ಹಳದಿ ಯಾವ ಎಲೆಯಲ್ಲಿ ಮೊದಲು ಶುರುವಾಯಿತು ಎಂದು ನೋಡುತ್ತೇನೆ. ಗೊಬ್ಬರದ ಚೀಲ ಬಿಚ್ಚುವ ಮೊದಲು ಒಂದು ಗಿಡ ಕಿತ್ತು ಬೇರು ನೋಡುತ್ತೇನೆ. ಈ ಬರಹದ ತಿರುಳೂ ಅದೇ. ಹುರುಳಿಕಾಯಿ ಎಂದು ನಾನು ಹೇಳುತ್ತಿರುವುದು ಎಲ್ಲರೂ ಬೀನ್ಸ್ ಎಂದು ಕರೆಯುವ ಬೆಳೆಯನ್ನು, ಪೊದೆ ತಳಿ ಮತ್ತು ಬಳ್ಳಿ ತಳಿ ಎರಡನ್ನೂ. ಅಲಸಂದೆ, ಅವರೆ ಬೆಳೆಯುವವರಿಗೂ ಇದರಲ್ಲಿ ಹೆಚ್ಚಿನದೆಲ್ಲ ಉಪಯೋಗಕ್ಕೆ ಬರುತ್ತದೆ.

ಹಂತ 1: ಚೆನ್ನಾಗಿರುವ ಗಿಡದ ಗುರುತು ಮನಸ್ಸಿನಲ್ಲಿರಲಿ

ಬೀಜ ಮೊಳೆತಾಗ ಮಣ್ಣು ಸೀಳಿಕೊಂಡು ಮೇಲೆ ಬರುವುದು ದಪ್ಪನೆಯ ಎರಡು ಬೀಜದಳಗಳು. ಮೊದಲ ದಿನಗಳ ಆಹಾರವೆಲ್ಲ ಅವುಗಳಲ್ಲೇ ಇರುತ್ತದೆ. ಅದು ಮುಗಿದಂತೆ ಅವು ಹಳದಿಯಾಗಿ, ಸುಕ್ಕಾಗಿ ಉದುರಿಹೋಗುತ್ತವೆ. ಅವುಗಳ ಮೇಲೆ ಎದುರುಬದುರಾಗಿ ಹೃದಯದ ಆಕಾರದ ಎರಡು ಒಂಟಿ ಎಲೆಗಳು ಬಿಚ್ಚಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಬರುವ ಪ್ರತಿಯೊಂದು ಎಲೆಯಲ್ಲೂ ಮೂರು ಕಿರುಎಲೆಗಳಿರುತ್ತವೆ; ಅಂಥ ಎಲೆಯನ್ನು ಮುಂದೆ ಮೂರೆಲೆ ಎಂದು ಕರೆಯುತ್ತೇನೆ.

ಬೀಜದಳ ಹಳದಿಯಾಗುವುದು ಸಹಜ. ಗಿಡ ಹೂ ಬಿಡುವ ಹೊತ್ತಿಗೆ ಆ ಎರಡು ಒಂಟಿ ಎಲೆಗಳು ಮಾಸುವುದೂ ಸಹಜ. ಕಾಯಿ ತುಂಬುವ ಕಾಲದಲ್ಲಿ ಕೆಳಗಿನ ಎಲೆಗಳು ಬಣ್ಣ ಕಳೆದುಕೊಂಡರೆ, ಗಿಡ ಅವುಗಳಲ್ಲಿದ್ದ ಸಾರಜನಕವನ್ನು ಬಿಚ್ಚಿ ಬೀಜಕ್ಕೆ ಸಾಗಿಸುತ್ತಿದೆ ಎಂದರ್ಥ. ಆಗ ಗೊಬ್ಬರ ಕೊಟ್ಟು ಅವನ್ನು ಉಳಿಸಿಕೊಳ್ಳಲು ಹೋಗಬೇಡಿ. ಆಗ ತಾನೇ ಬಿಚ್ಚಿಕೊಂಡ ಎಲೆಯೂ ಎರಡು ಮೂರು ದಿನ ತಿಳಿಹಸಿರಾಗಿಯೇ ಇರುತ್ತದೆ.

ಗಿಡ ನೋಡಲು ಬೆಳಗಿನ ಹೊತ್ತೇ ಸರಿ. ನಡುಮಧ್ಯಾಹ್ನದ ಬಿಸಿಲಿಗೆ ಹುರುಳಿಕಾಯಿಯ ಕಿರುಎಲೆಗಳು ನೆಟ್ಟಗೆ ಎದ್ದು ಸೂರ್ಯನಿಗೆ ಅಂಚು ತೋರಿಸುತ್ತವೆ. ಇರುಳಾದರೆ ಕೆಳಕ್ಕೆ ಜೋತುಬೀಳುತ್ತವೆ. ತೊಟ್ಟಿನ ಬುಡದಲ್ಲಿರುವ ಸಣ್ಣ ಉಬ್ಬು ನೀರು ತುಂಬಿಕೊಂಡೋ ಬಿಟ್ಟೋ ಎಲೆಯನ್ನು ಹೀಗೆ ಆಡಿಸುತ್ತದೆ. ಮೂರು ಗಂಟೆ ಬಿಸಿಲಿನಲ್ಲಿ ನೋಡಿ ಗಿಡ ಬಾಡಿದೆ ಎಂದು ತೀರ್ಮಾನಿಸುವವರು ಬಹಳ.

ಹಂತ 2: ಹಳೆಯ ಎಲೆಯೋ, ಹೊಸ ಎಲೆಯೋ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಗಾಳಿ ಮತ್ತು ನೀರಿನಿಂದ ಬರುವ ಇಂಗಾಲ, ಜಲಜನಕ, ಆಮ್ಲಜನಕ ಸೇರಿ ಗಿಡಕ್ಕೆ ಒಟ್ಟು 17 ಧಾತುಗಳು ಬೇಕು. ಮಣ್ಣಿನಿಂದ ಬರುವ ಉಳಿದವುಗಳಲ್ಲಿ ಕೆಲವನ್ನು ಗಿಡ ಒಂದು ಎಲೆಯಿಂದ ಬಿಡಿಸಿ ಇನ್ನೊಂದಕ್ಕೆ ಸಾಗಿಸಬಲ್ಲದು. ಕೆಲವು ಒಮ್ಮೆ ಎಲೆಯ ಮೈಯಲ್ಲಿ ಸೇರಿಕೊಂಡರೆ ಅಲ್ಲಿಂದ ಕದಲುವುದಿಲ್ಲ.

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಸಾಗುವ ಗುಂಪಿನವು. ಇವು ಸಾಲದಾದಾಗ ಗಿಡ ಹಳೆಯ ಎಲೆಗಳಿಂದ ಕಿತ್ತು ಸುಳಿಗೆ ಕೊಡುತ್ತದೆ. ಆದ್ದರಿಂದ ಕೊರತೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ ಕದಲದ ಅಥವಾ ಬಹಳ ಕಡಿಮೆ ಕದಲುವ ಗುಂಪಿನವು. ಬೇರಿನಿಂದ ಬರುವುದು ನಿಂತ ದಿನವೇ ಹೊಸ ಚಿಗುರು ಸೊರಗುತ್ತದೆ, ಕೆಳಗಿನ ಎಲೆಗಳು ಹಸಿರಾಗಿಯೇ ಇರುತ್ತವೆ. ಗಂಧಕ ನಡುವಿನದು, ಆದರೆ ಹುರುಳಿಕಾಯಿಯಲ್ಲಿ ಸಾಮಾನ್ಯವಾಗಿ ಮೇಲಿನ ಎಲೆಯಲ್ಲೇ ಕಾಣಿಸಿಕೊಳ್ಳುತ್ತದೆ.

ಇದನ್ನು ಆದಷ್ಟು ಬೇಗ ನೋಡಬೇಕು. ಮೂರು ವಾರ ಬಿಟ್ಟು ನೋಡಿದರೆ ಇಡೀ ಗಿಡ ಹಳದಿಯಾಗಿ, ಎಲ್ಲಿಂದ ಶುರುವಾಯಿತು ಎಂದು ಹೇಳುವಂತಿರುವುದಿಲ್ಲ. ನಾನು ಮೂರು ದಿನಕ್ಕೊಮ್ಮೆ ಅದೇ ಗಿಡದ ಪಟವನ್ನು ಮೊಬೈಲಿನಲ್ಲಿ ತೆಗೆದಿಡುತ್ತೇನೆ, ಬೆಳಗ್ಗೆ, ನೆರಳಿನಲ್ಲಿ. ನೆನಪು ಮೋಸ ಮಾಡುತ್ತದೆ, ಪಟ ಮಾಡುವುದಿಲ್ಲ.

ಹಂತ 3: ಎಲೆಯನ್ನು ಬೆಳಕಿಗೆ ಹಿಡಿಯಿರಿ

ಒಂದು ಎಲೆ ಕಿತ್ತು ಆಕಾಶಕ್ಕೆ ಹಿಡಿದು ನೋಡಿ. ಮೂರು ಬಗೆಯ ಹಳದಿಯನ್ನು ಬೇರ್ಪಡಿಸಬೇಕು.

ನರ, ನಡುವಿನ ಭಾಗ ಎಲ್ಲವೂ ಒಂದೇ ಸಮನೆ ತಿಳಿಹಸಿರಾಗಿ ಆಮೇಲೆ ಹಳದಿಯಾಗಿದ್ದರೆ ಸಾರಜನಕ ಅಥವಾ ಗಂಧಕದ ಕಡೆ ಯೋಚಿಸಿ. ನರಗಳು ಹಸಿರಾಗಿ ಉಳಿದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ, ಕಬ್ಬಿಣ, ಮ್ಯಾಂಗನೀಸ್, ಸತು ಇವುಗಳಲ್ಲಿ ಒಂದು. ಹಳದಿ ಅಂಚಿನಲ್ಲಿ ಶುರುವಾಗಿ ಅಂಚೇ ಸುಟ್ಟಂತಾಗಿದ್ದರೆ ಪೊಟ್ಯಾಷ್ ಕೊರತೆ, ಇಲ್ಲವೇ ಉಪ್ಪಿನ ಅಥವಾ ಬೋರಾನಿನ ಅತಿಯಾದ ಪ್ರಮಾಣ.

ನರದ ಅಂಚನ್ನೂ ಗಮನಿಸಿ. ಕಬ್ಬಿಣದ ಕೊರತೆಯಲ್ಲಿ ಅತಿ ಸಣ್ಣ ನರವೂ ಹಸಿರು ನೂಲಿನಂತೆ ಎದ್ದು ಕಾಣುತ್ತದೆ. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಬಲೆ ಹೆಣೆದಂತೆ, ಗೆರೆ ಚೊಕ್ಕವಾಗಿರುತ್ತದೆ. ಮ್ಯಾಂಗನೀಸ್ ಕೊರತೆಯಲ್ಲಿ ಗೆರೆ ಅಷ್ಟು ಚೊಕ್ಕವಲ್ಲ. ನರದ ಎರಡೂ ಬದಿಗೆ ಹಸಿರು ಸ್ವಲ್ಪ ಅಗಲಕ್ಕೆ ಹರಡಿ, ನಿಧಾನವಾಗಿ ಹಳದಿಯಲ್ಲಿ ಕರಗುತ್ತದೆ.

ಹಂತ 4: ಒಂದು ಗಿಡ ಕೀಳಿ

ಕೀಳಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಕೀಳಿ. ಹುರುಳಿಕಾಯಿಯ ವಿಷಯದಲ್ಲಿ ಎಲೆ ಅರ್ಧ ಕಥೆ ಹೇಳಿದರೆ ಉಳಿದರ್ಧ ಮಣ್ಣಿನ ಕೆಳಗಿರುತ್ತದೆ. ಎಳೆದರೆ ಗಂಟುಗಳು ಕಳಚಿ ಮಣ್ಣಿನಲ್ಲೇ ಉಳಿಯುತ್ತವೆ; ಸುತ್ತಲೂ ಗುದ್ದಲಿ ಹಾಕಿ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡಿ. ಮಣ್ಣು ತಾನಾಗಿ ಬಿಡುತ್ತದೆ.

ಬೇರಿನ ಪಕ್ಕದಲ್ಲಿ ಸಾಸಿವೆಯಿಂದ ಸಣ್ಣ ಮೆಣಸಿನ ಕಾಳಿನಷ್ಟು ಗಾತ್ರದ ದುಂಡನೆಯ ಗಂಟುಗಳಿವೆಯೇ ನೋಡಿ. ಇವುಗಳೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಜರ್ಮನಿಯ ಹರ್ಮನ್ ಹೆಲ್‌ರೀಗಲ್ 1886ರಲ್ಲಿ ದ್ವಿದಳ ಸಸ್ಯಗಳು ಗಂಟುಗಳ ಮೂಲಕ ಗಾಳಿಯ ಸಾರಜನಕ ಬಳಸುತ್ತವೆ ಎಂದು ತೋರಿಸಿದರು. ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಯೆರಿಂಕ್ 1888ರಲ್ಲಿ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿದರು.

ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಅಥವಾ ಮಾಂಸದ ಬಣ್ಣ ಕಂಡರೆ ಅದು ದುಡಿಯುತ್ತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಆ ಬಣ್ಣ ಕೊಡುತ್ತದೆ. ಆಮ್ಲಜನಕವನ್ನು ಹಿಡಿತದಲ್ಲಿಟ್ಟು, ಸಾರಜನಕ ಹಿಡಿಯುವ ಕಿಣ್ವ ಕೆಡದಂತೆ ಅದು ಕಾಯುತ್ತದೆ. ಒಳಗೆ ಬಿಳಿ ಇದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ನಿಷ್ಫಲ. ಹಸಿರು, ಕಂದು ಇದ್ದರೆ ಅದರ ಕೆಲಸ ಮುಗಿದಿದೆ.

ಮೊಳೆತು ಮೂರು ವಾರ ಆಗುವವರೆಗೆ ಗಂಟುಗಳನ್ನು ಹೆಚ್ಚು ನಿರೀಕ್ಷಿಸಬೇಡಿ. ಬೀಜದ ಸಾರಜನಕ ಮುಗಿದು ಗಂಟುಗಳು ಇನ್ನೂ ದುಡಿಯಲು ಶುರುಮಾಡದ ಆ ನಡುವಿನ ದಿನಗಳಲ್ಲಿ ಗಿಡ ಸ್ವಲ್ಪ ತಿಳಿಬಣ್ಣಕ್ಕೆ ಬರುವುದುಂಟು. ಸಾಧಾರಣ ಫಲವತ್ತಾದ ಮಣ್ಣಿನಲ್ಲಿ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಇನ್ನೊಂದು ಮಾತು ನೆನಪಿಡಬೇಕು: ಸೋಯಾ, ಅಲಸಂದೆಗೆ ಹೋಲಿಸಿದರೆ ಹುರುಳಿಕಾಯಿ ಗಾಳಿಯಿಂದ ಸಾರಜನಕ ಹಿಡಿಯುವುದರಲ್ಲಿ ಹಿಂದೆ. ದ್ವಿದಳ ಬೆಳೆ, ಸಾರಜನಕ ಬೇಕಾಗಿಲ್ಲ ಎಂಬ ಮಾತನ್ನು ಈ ಗಿಡದ ಮಟ್ಟಿಗೆ ಪೂರ್ತಿ ನಂಬಬಾರದು.

ಬೇರಿನಲ್ಲಿ ಕಾಣುವ ಉಬ್ಬೆಲ್ಲ ಒಳ್ಳೆಯ ಗಂಟಲ್ಲ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚುತ್ತದೆ. ಬೇರೇ ಊದಿಕೊಂಡು ಸರ ಪೋಣಿಸಿದಂತಾಗಿ, ಕಿತ್ತರೆ ಬೇರು ತುಂಡಾಗುವುದಾದರೆ ಅದು ಮಣ್ಣಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ (ನೆಮಟೋಡ್) ಕೆಲಸ. ಅಂಥ ಬೇರು ಮಣ್ಣಿನಲ್ಲಿ ಇರುವುದನ್ನೂ ಹೀರಲಾರದು. ಮೇಲೆ ಎಲ್ಲ ಕೊರತೆಗಳೂ ಒಟ್ಟಿಗೆ ಬಂದಂತೆ ಕಾಣುತ್ತದೆ. ಬೇರು ಕಂದಾಗಿ ಸಿಪ್ಪೆ ಜಾರುತ್ತಿದ್ದರೆ ಕೊಳೆರೋಗ. ಈ ಎರಡರಲ್ಲೂ ಗೊಬ್ಬರ ಕೊಟ್ಟು ಫಲವಿಲ್ಲ.

ಹಂತ 5: ಕೊರತೆಯಲ್ಲದ್ದನ್ನು ಪಕ್ಕಕ್ಕಿಡಿ

ಕೊರತೆ ಬಂದರೆ ಸಾಮಾನ್ಯವಾಗಿ ಅಕ್ಕಪಕ್ಕದ ಗಿಡಗಳಿಗೆ ಒಟ್ಟಿಗೆ ಬರುತ್ತದೆ, ಒಂದೇ ವಯಸ್ಸಿನ ಎಲೆಗಳಲ್ಲಿ ಬರುತ್ತದೆ, ಎಲೆಯ ನಡುನರದ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಸಾಲಿನ ನಡುವೆ ಒಂದೇ ಒಂದು ಗಿಡ ಮಾತ್ರ ಕಡುಹಸಿರು, ತಿಳಿಹಸಿರು ತೇಪೆಗಳಿಂದ ಕೂಡಿ, ಎಲೆ ಗುಳ್ಳೆಯೆದ್ದು ಕೆಳಕ್ಕೆ ಮುದುರಿದ್ದರೆ ಮೊಸಾಯಿಕ್ ನಂಜುರೋಗ ಎಂದು ತಿಳಿಯಿರಿ. ಅದು ಬೀಜದಿಂದಲೂ ಬರುತ್ತದೆ, ಸಸ್ಯಹೇನು ಕೂಡ ಹರಡುತ್ತದೆ. ಅಂಥ ಗಿಡಕ್ಕೆ ಮದ್ದಿಲ್ಲ, ಕಿತ್ತು ದೂರ ಹಾಕುವುದೇ ಸರಿ.

ಎಲೆಯ ಮೇಲೆಲ್ಲ ಸೂಜಿಮೊನೆಯಷ್ಟು ಸಣ್ಣ ತಿಳಿಚುಕ್ಕೆ ಹರಡಿದ್ದರೆ ಎಲೆ ತಿರುಗಿಸಿ ನೋಡಿ. ನುಸಿ ಅಡಿಭಾಗದಲ್ಲಿರುತ್ತದೆ, ಬಿಳಿ ಕಾಗದದ ಮೇಲೆ ಎಲೆ ಕೊಡವಿದರೆ ಚುಕ್ಕೆಗಳು ಹರಿದಾಡುತ್ತವೆ. ಜಿಗಿಹುಳು ಬಿದ್ದಾಗ ಎಲೆಯಂಚು ಹಳದಿಯಾಗಿ ಸುರುಳಿಗೊಂಡು ಸುಡುತ್ತದೆ, ಥೇಟ್ ಪೊಟ್ಯಾಷ್ ಕೊರತೆಯಂತೆ. ಅಂಥ ಎಲೆಯ ಅಡಿಯಲ್ಲೂ ಹುಡುಕಬೇಕು.

ನೀರು ನಿಂತ ಮಣ್ಣು ಇನ್ನೊಂದು ಕಾರಣ. ಬೇರಿಗೆ ಉಸಿರಾಡಲು ಗಾಳಿ ಸಿಗದೆ, ಗಂಟುಗಳೂ ದುಡಿಯದೆ, ಮಳೆ ಹಿಡಿದ ವಾರದಲ್ಲಿ ಇಡೀ ಪಾತಿ ಹಳದಿಯಾಗುತ್ತದೆ. ಆಗ ಬೇಕಾಗಿರುವುದು ಬಸಿಗಾಲುವೆ, ಗೊಬ್ಬರವಲ್ಲ.

ಹಂತ 6: ಒಂದೊಂದು ಕೊರತೆಯ ಮುಖ

ಸಾರಜನಕ ಕಡಿಮೆಯಾದರೆ ಗಿಡ ಕುಳ್ಳಾಗಿ, ಕಾಂಡ ಸಣಕಲಾಗಿ, ಕೆಳ ಎಲೆಗಳು ಒಂದೇ ಸಮನೆ ಹಳದಿಯಾಗಿ ಉದುರುತ್ತವೆ. ಬೇರಿನಲ್ಲಿ ಗಂಟು ಇಲ್ಲದಿದ್ದರೆ ಅಥವಾ ಒಳಗೆ ಕೆಂಪಿಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮಣ್ಣಿಗೆ ಹೊಟ್ಟು, ಮರದ ಪುಡಿ, ಒಣಹುಲ್ಲು ಬೆರೆಸಿದ್ದೀರಾ ಎಂದು ನೆನಪು ಮಾಡಿಕೊಳ್ಳಿ. ಅವು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಕೊಡುವಾಗ ಕೈ ಬಿಗಿಯಿರಲಿ. ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನು ನಿಲ್ಲಿಸಿ, ಬರೀ ಎಲೆ ಬಿಡುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರದ ತೆಳುವಾದ ಹಾಸು ಸಾಕು. ತುರ್ತಿದ್ದರೆ ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ಸಂಜೆ ಒಮ್ಮೆ ಸಿಂಪಡಿಸಬಹುದು.

ಮಾಲಿಬ್ಡಿನಂ ಕೊರತೆಯೂ ಇದೇ ವೇಷದಲ್ಲಿ ಬರುತ್ತದೆ. ಗಂಟಿನೊಳಗೆ ಸಾರಜನಕ ಹಿಡಿಯುವ ಕಿಣ್ವಕ್ಕೂ, ಎಲೆಯಲ್ಲಿ ನೈಟ್ರೇಟನ್ನು ಅರಗಿಸುವ ಕಿಣ್ವಕ್ಕೂ ಮಾಲಿಬ್ಡಿನಂ ಬೇಕು. ಹುಳಿ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದಿಲ್ಲ. ಗಿಡಕ್ಕೆ ಬೇಕಾದ ಪ್ರಮಾಣ ಎಷ್ಟು ಕಡಿಮೆ ಎಂದರೆ ಒಂದು ಹೆಕ್ಟೇರಿಗೆ ನೂರಿನ್ನೂರು ಗ್ರಾಂ ಮಾಲಿಬ್ಡೇಟ್ ಲವಣ ಸಾಕು. ಬಹಳ ಸಲ ಸುಣ್ಣ ಹಾಕಿ ಹುಳಿ ತಗ್ಗಿಸಿದರೇ ಮಣ್ಣಿನಲ್ಲಿರುವ ಮಾಲಿಬ್ಡಿನಂ ಬಿಡುಗಡೆಯಾಗುತ್ತದೆ.

ರಂಜಕದ ಕೊರತೆ ಗುರುತಿಸುವುದು ಕಷ್ಟ, ಏಕೆಂದರೆ ಎಲೆ ಹಳದಿಯಾಗುವುದಿಲ್ಲ. ಗಿಡ ಎಲ್ಲ ರೀತಿಯಲ್ಲೂ ಚಿಕ್ಕದಾಗಿ, ಎಲೆ ಕಡುಹಸಿರಾಗಿ ಮಂಕಾಗಿ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಾಗಿ ನಿಂತುಬಿಡುತ್ತದೆ. ಹೂ ತಡ. ಪಕ್ಕದಲ್ಲಿ ಚೆನ್ನಾಗಿ ಬೆಳೆದ ಗಿಡ ಇಲ್ಲದಿದ್ದರೆ ಕೊರತೆಯಿದೆ ಎಂದು ಗೊತ್ತೇ ಆಗುವುದಿಲ್ಲ. ತಣ್ಣನೆಯ ಮಣ್ಣಿನಲ್ಲಿ ಬೇರು ರಂಜಕ ಹೀರಲಾರದು. ಅಂಥದ್ದು ಬಿಸಿಲು ಬಂದಂತೆ ಸರಿಹೋಗುತ್ತದೆ. ರಂಜಕ ಮಣ್ಣಿನಲ್ಲಿ ಹರಿದಾಡುವುದಿಲ್ಲವಾದ್ದರಿಂದ ಮೇಲೆ ಚೆಲ್ಲಿದರೆ ಪ್ರಯೋಜನ ಕಡಿಮೆ. ಬಿತ್ತುವಾಗಲೇ ಬೀಜದಿಂದ 5 ಸೆಂಟಿಮೀಟರ್ ಪಕ್ಕಕ್ಕೆ, 5 ಸೆಂಟಿಮೀಟರ್ ಆಳಕ್ಕೆ ಹಾಕಬೇಕು.

ಪೊಟ್ಯಾಷ್ ಕಡಿಮೆಯಾದಾಗ ಹಳೆಯ ಎಲೆಯ ಅಂಚು ಹಳದಿಯಾಗಿ, ಕಂದಾಗಿ, ಗರಿಗರಿಯಾಗುತ್ತದೆ. ನಡುಭಾಗ ಹಸಿರಾಗಿಯೇ ಇರುತ್ತದೆ. ಎಲೆ ಅಂಚು ಕೆಳಗೆ ಮಾಡಿ ಬಾಗುತ್ತದೆ. ಹುರುಳಿಕಾಯಿಗೆ ಕ್ಲೋರೈಡ್ ಒಗ್ಗುವುದಿಲ್ಲ, ಆದ್ದರಿಂದ ಪೊಟ್ಯಾಷ್ ಕೊಡುವಾಗ ಕ್ಲೋರೈಡ್ ರೂಪಕ್ಕಿಂತ ಸಲ್ಫೇಟ್ ರೂಪ ಮೇಲು. ಬೂದಿಯಲ್ಲೂ ಪೊಟ್ಯಾಷ್ ಇದೆ. ಹುಳಿ ಮಣ್ಣಿದ್ದವರಿಗೆ ಅದು ವರ. ಉಳಿದವರು ನನ್ನ ಪಾತಿಯ ಮೂಲೆಯನ್ನು ನೆನಪಿಸಿಕೊಳ್ಳಲಿ.

ಮೆಗ್ನೀಸಿಯಂ ಕೊರತೆ ಹಳೆಯ ಎಲೆಗಳಲ್ಲಿ, ನರದ ನಡುವೆ. ಆಮೇಲೆ ಆ ಹಳದಿ ಜಾಗದಲ್ಲಿ ತುಕ್ಕಿನ ಬಣ್ಣದ ಮಚ್ಚೆಗಳು. ಮರಳು ಮಣ್ಣಿನಲ್ಲಿ, ಪೊಟ್ಯಾಷ್ ವಿಪರೀತ ಕೊಟ್ಟಲ್ಲಿ ಹೆಚ್ಚು. ಬೇರಿನ ಬಾಗಿಲಲ್ಲಿ ಪೊಟ್ಯಾಷ್ ಇದನ್ನು ಒಳಗೆ ಬಿಡುವುದಿಲ್ಲ. ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಿದರೆ ಬೇಗ ಗುಣ ಕಾಣುತ್ತದೆ. ಇದನ್ನೇ ಎಪ್ಸಮ್ ಲವಣ ಎಂದು ಮಾರುತ್ತಾರೆ. ಯಾವ ಹಳದಿಗೂ ಇದೇ ಮದ್ದು ಎಂದು ಹೇಳುವವರ ಮಾತು ಕೇಳಬೇಡಿ.

ಗಂಧಕದ ಕೊರತೆ ಸಾರಜನಕದಂತೆಯೇ, ಆದರೆ ಮೇಲಿನ ಎಲೆಗಳಲ್ಲಿ. ಜಿಪ್ಸಂ ಅಥವಾ ಯಾವುದಾದರೂ ಸಲ್ಫೇಟ್ ಗೊಬ್ಬರ ಸಾಕು.

ಕ್ಯಾಲ್ಸಿಯಂ ಕೊರತೆಯಲ್ಲಿ ಸುಳಿ ಕಪ್ಪಾಗಿ ಸಾಯುತ್ತದೆ, ಹೊಸ ಎಲೆ ಬಿಚ್ಚಿಕೊಳ್ಳುವ ಮೊದಲೇ ವಿಕಾರವಾಗುತ್ತದೆ. ಹುರುಳಿಕಾಯಿಯಲ್ಲಿ ಇದಕ್ಕೆ ವಿಶೇಷವಾದ ಇನ್ನೊಂದು ಮುಖವಿದೆ: ಕ್ಯಾಲ್ಸಿಯಂ ಕಡಿಮೆಯಿರುವ ಬೀಜ ಬಿತ್ತಿದರೆ, ಮೊಳಕೆಯ ಕಾಂಡ ಬೀಜದಳಗಳ ಸ್ವಲ್ಪ ಕೆಳಗೆ ನೀರುತುಂಬಿದಂತಾಗಿ, ಕಂದಾಗಿ ಕುಸಿಯುತ್ತದೆ. ನೋಡಿದವರು ಕೊಳೆರೋಗ ಎನ್ನುತ್ತಾರೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ನೀರು ಏರುಪೇರಾದರೆ ಸುಳಿಗೆ ತಲುಪದು, ಏಕೆಂದರೆ ಅದು ನೀರಿನ ಹರಿವಿನ ಜೊತೆಗೇ ಸಾಗುವಂಥದ್ದು.

ಇನ್ನು ಸತು. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಸತುವಿನ ಕೊರತೆಗೆ ಬೇಗ ಸೊರಗುವ ಬೆಳೆಗಳಲ್ಲಿ ಹುರುಳಿಕಾಯಿ ಮುಂಚೂಣಿಯಲ್ಲಿದೆ. ಎರಡನೆಯ, ಮೂರನೆಯ ಮೂರೆಲೆಗಳು ಬರುವ ಹೊತ್ತಿಗೇ ನರದ ನಡುವೆ ತಿಳಿಹಳದಿ, ಎಲೆ ಚಿಕ್ಕದು, ಮೊನಚು, ಕೆಲವೊಮ್ಮೆ ಕೆಳಗೆ ಮಡಚಿದಂತೆ. ಬರಬರುತ್ತ ಕಂಚಿನ ಬಣ್ಣ ಬಂದು ಒಣ ಮಚ್ಚೆಗಳಾಗುತ್ತವೆ. ಗಿಡ ಗುಜ್ಜಾಗಿ, ಹೂ ಉದುರಿ, ಕಾಯಿ ಬಲಿಯುವುದು ತೀರ ತಡವಾಗುತ್ತದೆ. ಎಲ್ಲಿ ಕಾಣುತ್ತದೆ ಎಂಬುದೇ ದೊಡ್ಡ ಸುಳಿವು: ನೆಲ ಸಮ ಮಾಡುವಾಗ ಮೇಲ್ಮಣ್ಣು ಕೊಚ್ಚಿ ಅಡಿಮಣ್ಣು ಮೇಲೆ ಬಂದ ಜಾಗ, ಸುಣ್ಣದ ಕಲ್ಲು ಬೆರೆತ ಮಣ್ಣು, ವರ್ಷವರ್ಷವೂ ರಂಜಕದ ಗೊಬ್ಬರ ಸುರಿದ ಪಾತಿ. ರಂಜಕ ಹೆಚ್ಚಾದಷ್ಟೂ ಸತುವಿನ ಕೊರತೆ ತೀವ್ರವಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಅದರ ಅರ್ಧದಷ್ಟು ಅರಳಿಸಿದ ಸುಣ್ಣದ ತಿಳಿ ಬೆರೆಸಿ, ಸೋಸಿ ಸಿಂಪಡಿಸಬೇಕು. ಸುಣ್ಣ ಬೆರೆಸದಿದ್ದರೆ ಎಳೆಯ ಎಲೆ ಸುಡುತ್ತದೆ. ಮಣ್ಣಿಗಾದರೆ ಚದರ ಮೀಟರಿಗೆ ಎರಡೂವರೆ ಗ್ರಾಂ ಸಾಕು, ಅದರ ಫಲ ಕೆಲವು ಬೆಳೆಗಳವರೆಗೆ ಉಳಿಯುತ್ತದೆ.

ಕಬ್ಬಿಣದ ಕೊರತೆಯ ಹಸಿರು ಬಲೆಯನ್ನು ಆಗಲೇ ಹೇಳಿದ್ದೇನೆ. ತೀವ್ರವಾದರೆ ಹೊಸ ಎಲೆ ಕಾಗದದಷ್ಟು ಬಿಳುಪಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲದಿರುವುದು ಅಪರೂಪ. ಹುರುಳಿಕಾಯಿಯ ಬೇರು ಸುತ್ತಲಿನ ಮಣ್ಣನ್ನು ಹುಳಿ ಮಾಡಿ, ಕಬ್ಬಿಣವನ್ನು ಕರಗುವ ರೂಪಕ್ಕೆ ತಂದು ಹೀರಿಕೊಳ್ಳುತ್ತದೆ. ಸುಣ್ಣದ ಮಣ್ಣು ಆ ಹುಳಿಯನ್ನು ಅಲ್ಲಿಂದಲ್ಲೇ ತಣಿಸಿಬಿಡುತ್ತದೆ. ಆದ್ದರಿಂದ ಅಂಥ ಮಣ್ಣಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಸುರಿದರೆ ಅದೂ ತುಕ್ಕಾಗಿ ಕೂರುತ್ತದೆ. ಎಲೆಗೇ ಕೊಡಬೇಕು: ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ, ಆಗ ತಾನೇ ಕರಗಿಸಿದ್ದು, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ. ದ್ರಾವಣ ಕಂದಾದರೆ ಚೆಲ್ಲಿ. ಮಣ್ಣಿಗೆ ಕೊಡಲೇಬೇಕಾದರೆ ಇಡಿಡಿಎಚ್‌ಎ ಎಂಬ ಕೀಲೇಟ್ ರೂಪ (ಕಬ್ಬಿಣ ಮಣ್ಣಿನಲ್ಲಿ ಬಿಗಿಯಾಗದಂತೆ ಇನ್ನೊಂದು ವಸ್ತು ಅದನ್ನು ಹಿಡಿದಿಟ್ಟುಕೊಂಡ ರೂಪ) ಮಾತ್ರ ಕ್ಷಾರ ಮಣ್ಣಿನಲ್ಲಿ ನಿಲ್ಲುತ್ತದೆ, ಇಡಿಟಿಎ ರೂಪ ಅಲ್ಲಿ ಬೇಗ ಕೈಕೊಡುತ್ತದೆ.

ಮ್ಯಾಂಗನೀಸ್ ಎರಡೂ ಕಡೆ ಕಾಡುತ್ತದೆ. ಕ್ಷಾರ ಮಣ್ಣಿನಲ್ಲಿ ಕೊರತೆ; ತೀರ ಹುಳಿಯಾದ, ನೀರು ನಿಲ್ಲುವ ಮಣ್ಣಿನಲ್ಲಿ ವಿಷ. ವಿಷವಾದಾಗ ಹೊಸ ಎಲೆ ಮುದುರಿ, ನರದ ನಡುವೆ ಹಳದಿಯ ಜೊತೆ ನೇರಳೆಗಂದು ಚುಕ್ಕೆಗಳು ಬರುತ್ತವೆ. ರಸಸಾರ (ಪಿಎಚ್, ಮಣ್ಣು ಎಷ್ಟು ಹುಳಿ ಅಥವಾ ಕ್ಷಾರ ಎಂಬ ಅಳತೆ) ನೋಡದೆ ಮ್ಯಾಂಗನೀಸ್ ಕೊಡಬಾರದು ಎನ್ನುವುದು ಇದೇ ಕಾರಣಕ್ಕೆ.

ಬೋರಾನ್ ಕಡಿಮೆಯಾದರೆ ಸುಳಿ ಸತ್ತು ಪಕ್ಕದ ಕವಲು ಒಡೆಯುತ್ತದೆ, ಎಲೆ ತೊಗಲಿನಂತೆ ದಪ್ಪವಾಗುತ್ತದೆ, ಕಾಯಿ ಕಚ್ಚುವುದಿಲ್ಲ. ಆದರೆ ಹುರುಳಿಕಾಯಿಗೆ ಬೋರಾನಿನ ಕೊರತೆಗಿಂತ ಅತಿಯೇ ಹೆಚ್ಚು ಅಪಾಯ. ಅತಿಯಾದರೆ ಹಳೆಯ ಎಲೆಯಂಚು ಸುಡುತ್ತದೆ; ಬೋರಾನ್ ಬೀಜದ ಹತ್ತಿರ ಬಿದ್ದರೆ ಮೊಳಕೆಯೇ ಸಾಯುತ್ತದೆ. ಮಣ್ಣು ಪರೀಕ್ಷೆಯ ವರದಿ ಕೈಯಲ್ಲಿಲ್ಲದೆ ಬೋರಾನಿನ ಲವಣವಾದ ಬೋರಾಕ್ಸ್ ಮುಟ್ಟಬೇಡಿ. ತಾಮ್ರದ ಕೊರತೆ ಅಪರೂಪ, ಅರೆಕೊಳೆತ ಸಸ್ಯಭಾಗಗಳೇ ತುಂಬಿದ ಪೀಟ್ ಮಣ್ಣಿನಲ್ಲಷ್ಟೇ ಯೋಚಿಸಬೇಕಾದದ್ದು.

ಹಂತ 7: ಮೂರು ಕಿರುಎಲೆಗಳ ಪರೀಕ್ಷೆ

ಹೊಸ ಎಲೆಯಲ್ಲಿ ನರದ ನಡುವೆ ಹಳದಿ ಕಂಡು, ಕಬ್ಬಿಣವೋ ಮ್ಯಾಂಗನೀಸೋ ಎಂದು ಅನುಮಾನವಾದರೆ ಗಿಡದ ಎಲೆಯನ್ನೇ ಪ್ರಯೋಗಾಲಯ ಮಾಡಿಕೊಳ್ಳಬಹುದು. ಒಂದು ತೊಟ್ಟಿನಲ್ಲಿ ಮೂರು ಕಿರುಎಲೆಗಳಿವೆಯಲ್ಲ, ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದೇ ವಯಸ್ಸು, ಒಂದೇ ಬಿಸಿಲು.

ನೂರು ಮಿಲಿಲೀಟರ್ ನೀರಿಗೆ ಅರ್ಧ ಗ್ರಾಂ ಅನ್ನಭೇದಿ ಕರಗಿಸಿ. ಇನ್ನೊಂದು ಲೋಟದಲ್ಲಿ ಅಷ್ಟೇ ನೀರಿಗೆ ಅಷ್ಟೇ ಮ್ಯಾಂಗನೀಸ್ ಸಲ್ಫೇಟ್. ಎರಡಕ್ಕೂ ಒಂದೊಂದು ಹನಿ ಮೆದು ಸೋಪಿನ ನೀರು ಸೇರಿಸಿ, ಇಲ್ಲದಿದ್ದರೆ ದ್ರಾವಣ ಎಲೆಯ ರೋಮದ ಮೇಲೆ ಮುತ್ತಿನಂತೆ ಉರುಳಿಹೋಗುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಎಡ ಕಿರುಎಲೆಗೆ ಕುಂಚದಿಂದ ಕಬ್ಬಿಣದ ದ್ರಾವಣ, ಬಲದ್ದಕ್ಕೆ ಬೇರೆ ಕುಂಚದಿಂದ ಮ್ಯಾಂಗನೀಸ್, ನಡುವಿನದನ್ನು ಹಾಗೆಯೇ ಬಿಡಿ. ತೊಟ್ಟಿಗೆ ಬಣ್ಣದ ದಾರ ಕಟ್ಟಿ. ನಾಲ್ಕೈದು ಗಿಡಗಳಲ್ಲಿ ಮಾಡಿ, ಒಂದರಲ್ಲೇ ಮಾಡಿದರೆ ನಂಬುವಂತಿಲ್ಲ.

ನಾನು ಇದನ್ನು ಮೊದಲು ಮಾಡಿದಾಗ ಐದನೆಯ ಬೆಳಗ್ಗೆ ಕುಂಚ ತಾಗಿದ ಜಾಗ ಹಸಿರಾಗಿತ್ತು, ಕುಂಚದ ಕೂದಲು ಎಳೆದ ಗೆರೆ ಸಹಿತ. ಕುಂಚ ತಪ್ಪಿದ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಳದಿ ಹಾಗೆಯೇ ಉಳಿದಿತ್ತು. ಬಲಗಡೆಯದು ಬದಲಾಗಿರಲಿಲ್ಲ. ಎರಡು ಸಲ ಯೂರಿಯಾ ಕೊಟ್ಟೂ ತಿಳಿಯದಿದ್ದದ್ದು ಅರ್ಧ ಗ್ರಾಂ ಪುಡಿಯಿಂದ ತಿಳಿಯಿತು.

ಸತುವಿಗೆ ಈ ಪರೀಕ್ಷೆ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ. ನಾಲ್ಕೈದು ಗಿಡಗಳಿಗೆ ಪೂರ್ತಿ ಸಿಂಪಡಿಸಿ, ಹತ್ತು ದಿನ ಬಿಟ್ಟು ಮುಂದೆ ಬರುವ ಎಲೆಗಳ ಗಾತ್ರ ಮತ್ತು ಬಣ್ಣವನ್ನು ಪಕ್ಕದವುಗಳೊಂದಿಗೆ ಹೋಲಿಸಿ.

ಹಂತ 8: ಮಣ್ಣನ್ನು ಕೇಳಿ

ಹುರುಳಿಕಾಯಿಗೆ 6ರಿಂದ 7ರವರೆಗಿನ ರಸಸಾರ ಹಿತ. ಅದಕ್ಕಿಂತ ಕೆಳಗಿಳಿದರೆ ರಂಜಕ, ಮಾಲಿಬ್ಡಿನಂ, ಕ್ಯಾಲ್ಸಿಯಂ ಸಿಗುವುದು ಕಷ್ಟ, ಗಂಟೂ ಕಟ್ಟುವುದಿಲ್ಲ. ಏಳೂವರೆ ದಾಟಿದರೆ ಕಬ್ಬಿಣ, ಸತು, ಮ್ಯಾಂಗನೀಸ್ ಬಿಗಿಯಾಗುತ್ತವೆ. ನನ್ನ ಅನುಭವದಲ್ಲಿ ಲಘು ಪೋಷಕಾಂಶದ (ಕಬ್ಬಿಣ, ಸತುವಿನಂತೆ ತೀರ ಕಡಿಮೆ ಪ್ರಮಾಣದಲ್ಲಿ ಬೇಕಾದವುಗಳ) ಕೊರತೆ ಎಂದು ಕಂಡದ್ದರಲ್ಲಿ ಹೆಚ್ಚಿನದು ರಸಸಾರದ ತೊಂದರೆಯೇ. ಹುಳಿಗೆ ಸುಣ್ಣ, ಕ್ಷಾರಕ್ಕೆ ಗಂಧಕದ ಪುಡಿ ಮತ್ತು ಸಾವಯವ ಗೊಬ್ಬರ. ಎರಡೂ ತಿಂಗಳುಗಟ್ಟಲೆ ಸಮಯ ಬೇಡುತ್ತವೆ. ನಿಂತ ಬೆಳೆಗೆ ಎಲೆಸಿಂಪಡಣೆ, ಮುಂದಿನ ಬೆಳೆಗೆ ಮಣ್ಣಿನ ತಿದ್ದುಪಡಿ ಎಂದು ಎರಡನ್ನೂ ಬೇರೆಯಾಗಿಯೇ ಯೋಜಿಸಬೇಕು.

ಲವಣಾಂಶವನ್ನೂ ಅಳೆಸಿ. ಉಪ್ಪು ತಡೆಯಲಾರದ ತರಕಾರಿಗಳಲ್ಲಿ ಹುರುಳಿಕಾಯಿ ಒಂದು: ಉಪ್ಪಿನಂಶವನ್ನು ತೋರಿಸುವ ಅಳತೆಯಾದ ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ತಗ್ಗತೊಡಗುತ್ತದೆ. ಕುಂಡದಲ್ಲಿ ಬೆಳೆಯುವವರು ಗೊಬ್ಬರದ ಮೇಲೆ ಗೊಬ್ಬರ ಕೊಟ್ಟು ಅಂಚು ಸುಟ್ಟ ಎಲೆ ನೋಡಿ ಮತ್ತೆ ಗೊಬ್ಬರ ಕೊಡುತ್ತಾರೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಂಡರೆ ಅದು ಉಪ್ಪು. ತಳದಿಂದ ಹರಿದುಹೋಗುವಷ್ಟು ಸಿಹಿನೀರು ಎರಡು ಮೂರು ಸಲ ಹಾಯಿಸಿ, ಆಮೇಲೆ ನೋಡಿ.

ಎಲೆ ಪರೀಕ್ಷೆ ಮಾಡಿಸುವುದಾದರೆ ಹೂ ಬಿಡುವ ಆರಂಭದಲ್ಲಿ, ಮೇಲಿನಿಂದ ಮೊದಲು ಸಿಗುವ ಪೂರ್ತಿ ಬಲಿತ ಮೂರೆಲೆಯನ್ನು ಕೀಳಬೇಕು. ಸೊರಗಿದ ಗಿಡಗಳದ್ದು ಒಂದು ಪೊಟ್ಟಣ, ಚೆನ್ನಾಗಿರುವ ಗಿಡಗಳದ್ದು ಇನ್ನೊಂದು. ಎರಡನ್ನೂ ಕಳುಹಿಸಿದರೇ ಅಂಕಿಗಳಿಗೆ ಅರ್ಥ. ಒಣ ಎಲೆಯಲ್ಲಿ ಸತು 20 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 20 ಭಾಗಕ್ಕಿಂತ) ಕಡಿಮೆ ಬಂದರೆ ಕೊರತೆ ಎಂದು ಅನುಮಾನಿಸಬಹುದು. ಕಬ್ಬಿಣದ ಅಂಕಿಯನ್ನು ಮಾತ್ರ ನೆಚ್ಚಬೇಡಿ: ಹಳದಿ ಎಲೆಯಲ್ಲೂ ಒಟ್ಟು ಕಬ್ಬಿಣ ಸಾಕಷ್ಟು ತೋರಬಹುದು, ಅದು ಕೆಲಸಕ್ಕೆ ಬಾರದ ರೂಪದಲ್ಲಿರುತ್ತದೆ. ಎಲೆಗೆ ಅಂಟಿದ ಧೂಳೂ ಅಂಕಿ ಏರಿಸುತ್ತದೆ. ಅಲ್ಲಿ ಕುಂಚದ ಪರೀಕ್ಷೆಯೇ ವಾಸಿ.

ಹಂತ 9: ಕೊಡುವಾಗ ಮತ್ತು ಕೊಟ್ಟ ಮೇಲೆ

ಒಂದು ಸಲಕ್ಕೆ ಒಂದೇ ಪೋಷಕಾಂಶ ಕೊಡಿ. ಎಲ್ಲವೂ ಇರುವ ಮಿಶ್ರಣ ಸುರಿದರೆ ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ತಿಳಿಯದು, ಮುಂದಿನ ವರ್ಷ ಮತ್ತೆ ಅದೇ ಕತ್ತಲು. ಸಿಂಪಡಣೆ ಸಂಜೆ, ಗಾಳಿ ಇಲ್ಲದಾಗ, ಎಲೆಯ ಅಡಿಭಾಗವೂ ನೆನೆಯುವಂತೆ. ಎಳೆಗಿಡಗಳಿಗೆ ಮೇಲೆ ಹೇಳಿದ ಪ್ರಮಾಣದ ಅರ್ಧದಿಂದ ಶುರುಮಾಡಿ. ಒಂದು ಸಾಲನ್ನು ಸಿಂಪಡಿಸದೆ ಬಿಡಿ, ಹೋಲಿಕೆಗೆ ಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಮರೆಯಬೇಡಿ. ಕಾಯಿ ಕೀಳುವ ಹಂತದಲ್ಲಿದ್ದರೆ ಮೊದಲು ಕಾಯಿ ಕಿತ್ತುಕೊಳ್ಳಿ.

ಆಮೇಲೆ ನೋಡಬೇಕಾದದ್ದು ಹಳೆಯ ಹಳದಿ ಎಲೆಯನ್ನಲ್ಲ. ಸುಟ್ಟ ಅಂಚು, ಒಣಗಿದ ಮಚ್ಚೆ ಮತ್ತೆ ಹಸಿರಾಗುವುದಿಲ್ಲ. ಸುಳಿಯಿಂದ ಹೊಸದಾಗಿ ಬಿಚ್ಚಿಕೊಳ್ಳುವ ಎರಡು ಮೂರೆಲೆಗಳು ಸರಿಯಾದ ಬಣ್ಣ, ಸರಿಯಾದ ಗಾತ್ರದಲ್ಲಿ ಬಂದರೆ ಗುರುತಿಸಿದ್ದು ಸರಿ. ಹತ್ತು ಹನ್ನೆರಡು ದಿನವಾದರೂ ಬಾರದಿದ್ದರೆ ಪ್ರಮಾಣ ಏರಿಸಬೇಡಿ, ಹಂತ 4ಕ್ಕೆ ಹಿಂದಿರುಗಿ ಇನ್ನೊಂದು ಗಿಡದ ಬೇರು ತೊಳೆಯಿರಿ.

ಬೆಳೆ ಮುಗಿದಾಗ ಗಿಡಗಳನ್ನು ನೆಲಮಟ್ಟಕ್ಕೆ ಕೊಯ್ದು, ಆರೋಗ್ಯವಾಗಿರುವ ಬೇರನ್ನು ಮಣ್ಣಿನಲ್ಲೇ ಬಿಡುತ್ತೇನೆ. ಗಂಟು ಕಟ್ಟದಿದ್ದ ಪಾತಿಗೆ ಮುಂದಿನ ಸಲ ಹುರುಳಿಕಾಯಿಗೆ ಹೊಂದುವ ರೈಜೋಬಿಯಂನಿಂದ ಬೀಜೋಪಚಾರ ಮಾಡಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತುತ್ತೇನೆ. ಸೋಯಾಗೆಂದು ತಯಾರಿಸಿದ ರೈಜೋಬಿಯಂ ಈ ಬೇರಿಗೆ ಹೊಂದುವುದಿಲ್ಲ. ಪೊಟ್ಟಣದ ಮೇಲೆ ಬೆಳೆಯ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಓದಿ ಕೊಳ್ಳಿ.